ಆಫ್ ಬಂತು, ಕ್ರಿಯಾಪದ ಬರಲಿಲ್ಲ

ಶಿರಾ ಕಡೆಯ ಇಂಗ್ಲಿಷ್ ಮೇಷ್ಟ್ರೊಬ್ಬರು ಒಂದು ಉತ್ತರಪತ್ರಿಕೆ ತೋರಿಸಿದರು. ಹುಡುಗ ‘ಸ್ವಿಚ್ ಆಫ್ ದ ಟ್ಯಾಪ್’ ಎಂದು ಬರೆದಿದ್ದ. ಮೇಷ್ಟ್ರು ‘ಸ್ವಿಚ್’ ಹೊಡೆದುಹಾಕಿ ‘ಟರ್ನ್’ ಮಾಡಿದ್ದರು. “ಲೈಟಿಗೆ ಎರಡೂ ನಡೀತದೆ ಅಂತೀರಿ, ನಲ್ಲಿಗೆ ಯಾಕೆ ಒಂದೇ ಸಾರ್?” ಅಂದನಂತೆ. ಆ ಪ್ರಶ್ನೆಗೇ ಎರಡು ಅಂಕ ಹೆಚ್ಚು ಕೊಡಬೇಕಿತ್ತು.

ತಪ್ಪು ಹುಡುಗನದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಆಗಿರುವ ಈ ಶೈಕ್ಷಣಿಕ ಜಿಲ್ಲೆಯಲ್ಲಿ ಯಾವ ಮನೆಗೆ ಹೋದರೂ ಲೈಟು ಆಫ್ ಮಾಡು, ಗ್ಯಾಸು ಆಫ್ ಮಾಡು, ನಲ್ಲಿ ಆಫ್ ಮಾಡು. ಇಂಗ್ಲಿಷಿನಿಂದ ನಾವು ಬಾಲ ಮಾತ್ರ ಕಿತ್ತು ತಂದು ‘ಮಾಡು’ವಿಗೆ ಕಟ್ಟಿದೆವು, ಕ್ರಿಯಾಪದ ಅಲ್ಲೇ ಉಳಿಯಿತು. ಇಡಿಯಾಗಿ ಬಂದದ್ದು ಮೊಬೈಲಿನ ಜೊತೆ: ‘ಫೋನ್ ಸ್ವಿಚ್ ಆಫ್ ಬರ್ತಿದೆ.’

ಇಂಗ್ಲಿಷಿನ ಭೇದ ಇರುವುದು ಕೈಯಲ್ಲಿ. ‘ಟರ್ನ್’ ಅಂದರೆ ತಿರುಗಿಸು. ನಲ್ಲಿ ತಿರುಗಿಸಬೇಕು, ಗ್ಯಾಸ್ ಒಲೆಯ ಕಿವಿ ತಿರುಗಿಸಬೇಕು. 19ನೇ ಶತಮಾನದ ಗ್ಯಾಸ್ ದೀಪಕ್ಕೂ ತಿರುಪು ಇತ್ತು; ವಿದ್ಯುತ್ ಬಂದ ಮೇಲೆ ತಿರುಪು ಹೋಯಿತು, ಮಾತು ಉಳಿಯಿತು. ‘ಸ್ವಿಚ್’ ಮೊದಲು ಕುದುರೆ ಸವಾರನ ಕೈಯ ತೆಳ್ಳನೆ ಛಡಿ. ಆಮೇಲೆ ಹಳಿ ಬದಲಿಸುವ ಸಾಧನ, ಆಮೇಲೆ ಕರೆಂಟಿನ ಗುಂಡಿ. ಹಾಗಾಗಿ ಅದು ಕರೆಂಟು ಬಿಟ್ಟು ನೀರಿಗೆ ಇಳಿಯುವುದಿಲ್ಲ.

ನಮ್ಮಲ್ಲೂ ಇಂಥದೇ ಒಂದು ಪಯಣವಿದೆ, ನನಗೆ ಬಲು ಇಷ್ಟದ್ದು. ‘ಫ್ಯಾನ್ ಆರ್ಸು’ ಅನ್ನುತ್ತೇವೆ. ಫ್ಯಾನಿಗೆ ಎಲ್ಲಿಯ ಜ್ವಾಲೆ? ಹಣತೆಯ ಮಾತು ಬಲ್ಬಿಗೆ ಹೋಯಿತು, ಬಲ್ಬಿನಿಂದ ಫ್ಯಾನಿಗೆ, ಟಿವಿಗೆ. ‘ಆರು’ ಎಷ್ಟು ಹಿರಿದಾದ ಧಾತು ನೋಡಿ: ದೀಪ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಕಾಫಿ ಆರುತ್ತದೆ, ಗಾಯವೂ ಆರುತ್ತದೆ. ಓಡುತ್ತಿದ್ದ ರೆಕ್ಕೆ ನಿಧಾನಕ್ಕೆ ನಿಲ್ಲುವುದಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಗೊತ್ತಿಲ್ಲ. ಹಚ್ಚುವ ಕಡೆ ಮಾತ್ರ ಗೆರೆ ಬಿಗಿ. ದೀಪ ಹಚ್ಚುತ್ತೇವೆ, ಫ್ಯಾನು ಹಾಕುತ್ತೇವೆ. ಫ್ಯಾನು ಹಚ್ಚು ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಮೂರು ಕಡೆ ಆಂಧ್ರ ಇರುವ ಪಾವಗಡದ ತೆಲುಗು ಮನೆಗಳಲ್ಲಿ ‘ಲೈಟು ವೆಯ್ಯಿ’ ಅನ್ನುತ್ತಾರೆ. ವೆಯ್ಯಿ ಅಂದರೂ ಹಾಕು ಅಂತಲೇ.

ಮೇಷ್ಟ್ರಿಗೆ ಹೇಳಿದೆ: ಹುಡುಗನನ್ನು ಊರಿನ ನೀರುಗಂಟಿಯ ಹಿಂದೆ ಒಂದು ಬೆಳಿಗ್ಗೆ ಕಳಿಸಿ. ಪಂಪ್‌ಹೌಸಿನೊಳಗೆ ಸ್ಟಾರ್ಟರಿನ ಕೆಂಪು ಗುಂಡಿಗೆ ಹೆಬ್ಬೆಟ್ಟು ಒತ್ತುತ್ತಾನೆ, ಬೋರ್‌ವೆಲ್ ಮೋಟ್ರು ನಿಲ್ಲುತ್ತದೆ. ಅದು ಸ್ವಿಚ್ ಆಫ್. ಹೊರಗೆ ಬಂದು ಗುಂಡಿಯೊಳಗೆ ಬಗ್ಗಿ, ತುಕ್ಕು ಹಿಡಿದ ಗೇಟ್ ವಾಲ್ವಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತಿ ಸುತ್ತಿ ಬಿಗಿಯುತ್ತಾನೆ. ಅಲ್ಲಿ ಸ್ವಿಚ್ ಅನ್ನಲು ಹುಡುಗನಿಗೆ ಬಾಯಿ ಬರುವುದಿಲ್ಲ.