ಐವತ್ತು ರೂಪಾಯಿಯ ಫೋಟೋ ಪುಸ್ತಕ

ನಮ್ಮ ಪಾಲಬಾವಿ, ಹಾರೂಗೇರಿ, ಮುಗಳಖೋಡದ ಕಡೆ ಫೋಟೋ ಪುಸ್ತಕ ಅಂದರೆ ಜನಕ್ಕೆ ಗೊತ್ತಿರುವುದು ಒಂದೇ: ಕರಿಷ್ಮಾ ಆಲ್ಬಮ್. ಮದುವೆ ಮುಗಿದ ಮೇಲೆ ಸ್ಟುಡಿಯೋದವನು ತಂದುಕೊಡುವ, ಎತ್ತಿದರೆ ಕೈ ನೋಯುವ ದಪ್ಪ ಹಾಳೆಯ ಪುಸ್ತಕ. ಸಾಲ ಮಾಡಿ ಮದುವೆ ಮಾಡಿದವರು ಇದಕ್ಕೆಂದೇ ಬೇರೆ ಸಾಲ ಮಾಡುವುದುಂಟು. ಇದನ್ನು ಕಂಡು ನಗುವ ವಿದ್ಯಾವಂತರ ಸಾಲಿನಲ್ಲಿ ನಾನಿಲ್ಲ. ಒಂದೂ ಚಿತ್ರವಿಲ್ಲದೆ ಮಣ್ಣಾದವರ ಮೊಮ್ಮಕ್ಕಳು ತಮ್ಮ ಮುಖವನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡರೆ ಅದರಲ್ಲಿ ತಪ್ಪೇನು? ಆದರೆ ಆ ಆಲ್ಬಮ್ಮನ್ನು ಓದಲೇಬೇಕು. ಅದರಲ್ಲಿ ನಮ್ಮ ಹುಡುಗಿ ತಾನು ನೋಡಿರದ ಸ್ವಿಟ್ಜರ್ಲೆಂಡಿನ ಹಿಮದ ಮುಂದೆ ನಿಂತಿರುತ್ತಾಳೆ. ಹಿಂದಿದ್ದ ಕೇರಿಯ ಗೋಡೆಯನ್ನು ಕಂಪ್ಯೂಟರಿನಲ್ಲಿ ಅಳಿಸಿರುತ್ತಾರೆ. ಊರಿನ ದೊಡ್ಡವರ ಮದುವೆಯ ಆಲ್ಬಮ್ಮಿನಲ್ಲಾದರೋ ಹಲಗಿ ಬಡಿಯುವ ನಮ್ಮವರ ಕೈ ಇರುತ್ತದೆ, ತಲೆ ಚೌಕಟ್ಟಿನಾಚೆ ಉಳಿದಿರುತ್ತದೆ.

ಈ ಮಾತು ಎತ್ತಲು ಕಾರಣ ನನ್ನ ಕೈಗೆ ಬಂದ ಒಂದು ಸಣ್ಣ ಹೊತ್ತಿಗೆ. ನಮ್ಮ ಕೇರಿಯ ಹುಡುಗನೊಬ್ಬ (ಹೆಸರು ಹಾಕಬ್ಯಾಡ್ರಿ ಅಂದಿದ್ದಾನೆ) ಎರಡು ವರ್ಷ ತನ್ನ ಆಯಿಯನ್ನೂ ಓಣಿಯನ್ನೂ ಮೊಬೈಲಿನಲ್ಲಿ ತೆಗೆದು ಪುಸ್ತಕ ಮಾಡಿದ್ದಾನೆ. ಎ4 ಹಾಳೆ ಎಂಟು. ನಡುವೆ ಮಡಚಿದರೆ 32 ಪುಟ. ಎರಡೂ ಮಗ್ಗುಲು ಝೆರಾಕ್ಸ್, ಮಗ್ಗುಲಿಗೆ 2 ರೂಪಾಯಿಯಂತೆ 32 ರೂಪಾಯಿ. ಮೇಲೊಂದು ಬಣ್ಣದ ಹೊದಿಕೆ, ಬೆನ್ನಿಗೆ ಎರಡು ಪಿನ್. ಪ್ರತಿಯೊಂದು ಐವತ್ತರೊಳಗೆ ಮುಗಿದಿದೆ. ಹಾಕಿಸಿದ್ದು 60 ಪ್ರತಿ.

ಅದರಲ್ಲಿ ಒಂದು ಜೋಡಿ ಪುಟವನ್ನು ನಾನು ಮತ್ತೆ ಮತ್ತೆ ತೆರೆದಿದ್ದೇನೆ. ಎಡಕ್ಕೆ ಆಯಿಯ ಹೆಬ್ಬೆಟ್ಟು, ಗೆರೆಯೆಲ್ಲ ಸವೆದದ್ದು. ರೇಷನ್ ಅಂಗಡಿಯ ಯಂತ್ರ ಒಪ್ಪದ ಬೆರಳು ಅದು. ಬಲಕ್ಕೆ ಗೋಡೆಗೆ ಸಿಗಿಸಿದ ಕಬ್ಬು ಕಡಿಯುವ ಕೊಯ್ತಾ, ಹಿಡಿಕೆ ಅದೇ ಹೆಬ್ಬೆಟ್ಟಿನ ಅಳತೆಗೆ ಸವೆದಿದೆ. ಕೆಳಗೆ ಒಂದಕ್ಷರವಿಲ್ಲ. ಇವೇ ಎರಡು ಚಿತ್ರ ಮೊಬೈಲಿನಲ್ಲಿ ಬಂದಿದ್ದರೆ ಒಂದಾದ ಮೇಲೊಂದು ಜಾರಿ ಹೋಗುತ್ತಿದ್ದವು. ಹಾಳೆಯ ಮಡಿಕೆ ಅವನ್ನು ಎದುರುಬದುರು ಕೂಡಿಸಿತು. ಪುಸ್ತಕ ಯಾಕೆ ಬೇಕು ಅನ್ನುವವರಿಗೆ ನನ್ನ ಹತ್ತಿರ ಇರುವ ಉತ್ತರ ಸದ್ಯಕ್ಕೆ ಇಷ್ಟೇ.

ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರೊಬ್ಬರು ಇದನ್ನು ತಿರುವಿ ಹಾಕಿ, "ದಾಖಲೆ ಆತ್ರಿ, ಕಲೆ ಎಲ್ಲೈತಿ?" ಎಂದರು. ದಲಿತರು ಬರೆದಾಗಲೂ ಇದೇ ಪ್ರಶ್ನೆ ಬಂದಿತ್ತು, ಈಗ ಚಿತ್ರಕ್ಕೆ ಬಂದಿದೆ. ಅಮೆರಿಕದ ಎಡ್ ರುಶೇ ಎಂಬ ಕಲಾವಿದ 1963ರಲ್ಲಿ ರಸ್ತೆಬದಿಯ ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಸಾದಾ ಫೋಟೋಗಳನ್ನು ಪುಸ್ತಕ ಮಾಡಿದ. 400 ಪ್ರತಿ, ಬೆಲೆ ಮೂರೂವರೆ ಡಾಲರ್. ಅಗ್ಗದ ಪುಸ್ತಕವಾಗಲಿ ಎಂಬುದೇ ಅವನ ಹಟ. ಇವತ್ತು ಅದರ ಮೊದಲ ಮುದ್ರಣ ಸಾವಿರಾರು ಡಾಲರಿಗೆ ಮಾರಾಟವಾಗುತ್ತದೆ, ಕಲಾ ಇತಿಹಾಸದಲ್ಲಿ ಅದಕ್ಕೆ ಅಧ್ಯಾಯವಿದೆ. ಪೆಟ್ರೋಲ್ ಬಂಕು ಕಲೆಯಾಗುವುದಾದರೆ ಆಯಿಯ ಹೆಬ್ಬೆಟ್ಟಿಗೆ ಮಡಿ ಯಾಕೆ?

ನಮ್ಮ ಚಿತ್ರ ತೆಗೆದವರು ಹಿಂದೆ ಇರಲಿಲ್ಲವೆಂದಲ್ಲ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ 8 ಸಂಪುಟ ತಂದರು. ಅದರಲ್ಲಿ ಜಾತಿಗಳು ಮಾದರಿ ವಸ್ತುಗಳಂತೆ ಸಾಲಾಗಿ ನಿಂತಿವೆ. ಮುತ್ತು ಕಟ್ಟಿಸಿಕೊಂಡು ನಮ್ಮ ಗಡಿ ಸೀಮೆಯಿಂದ ಮುಂಬಯಿಯ ಓಣಿಗಳಿಗೆ ಹೋದ ಹೆಣ್ಣುಮಕ್ಕಳ ಲೆಕ್ಕ ಇಟ್ಟವರಿಲ್ಲ. ಅಂಥ ಒಂದು ಓಣಿಯನ್ನು ಮೇರಿ ಎಲೆನ್ ಮಾರ್ಕ್ 1978ರಲ್ಲಿ ತೆಗೆದು 1981ರಲ್ಲಿ 'ಫಾಕ್‌ಲಂಡ್ ರೋಡ್' ಎಂದು ಪ್ರಕಟಿಸಿದರು. ಆಕೆ ಕಳ್ಳತನದಿಂದ ತೆಗೆದವರಲ್ಲ, ಆ ಹೆಂಗಸರ ನಡುವೆ ಕೂತು ತೆಗೆದವರು. ಅದನ್ನು ನಾನು ಗೌರವಿಸುತ್ತೇನೆ. ಆದರೂ ಆ ಬಣ್ಣದ ಪುಸ್ತಕ ಅವರ ತವರೂರುಗಳಿಗೆ ಬರುವ ದಾರಿಯೇ ಇರಲಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕರ್ನಾಟಕದ ಕಾಯಿದೆಯೂ 1982ರದು. ಇನ್ನು ಪತ್ರಿಕೆಗಳಿಗೆ ನಾವು ಬೇಕಾಗುವುದು ಕಂಬಾಲಪಲ್ಲಿ ಉರಿದಾಗ. 2000ದ ಮಾರ್ಚ್ 11ರಂದು ಅಲ್ಲಿ ಸುಟ್ಟು ಸತ್ತ ಏಳು ಜನ ಬದುಕಿದ್ದಾಗ ಹೇಗಿದ್ದರು, ಯಾವ ಅಂಗಿ ತೊಡುತ್ತಿದ್ದರು ಎಂದು ತೋರಿಸುವ ಒಂದು ಪುಟ ನಮ್ಮ ಯಾರ ಕಪಾಟಿನಲ್ಲಿದೆ?

ಈಗೀಗ ದಾರಿ ಬದಲಾಗುತ್ತಿದೆ. ಸುಧಾರಕ್ ಓಲ್ವೆ ಮುಂಬಯಿಯ ಪೌರಕಾರ್ಮಿಕರ ಜೊತೆ ವರ್ಷಗಟ್ಟಲೆ ನಡೆದರು. ತಮಿಳುನಾಡಿನ ಪಳನಿಕುಮಾರ್ ಮಲಗುಂಡಿಯ ಸಾವುಗಳನ್ನು ತೆಗೆದದ್ದಲ್ಲದೆ ಪೌರಕಾರ್ಮಿಕರ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟರು. ನೇಪಾಳದಲ್ಲಿ 2018ರಲ್ಲಿ ದಲಿತರ ಹಳೆಯ ಫೋಟೋಗಳನ್ನು ಹುಡುಕಿ ಕೂಡಿಸಿ ಒಂದು ಪುಸ್ತಕ ತಂದರು. ನಮ್ಮಲ್ಲಿ ಅಂಥ ಹುಡುಕಾಟವೇ ಶುರುವಾಗಿಲ್ಲ. 1920ರಲ್ಲಿ ಮಾಣಗಾವ್, 1925ರಲ್ಲಿ ನಿಪ್ಪಾಣಿ, ಎರಡೂ ನಮ್ಮ ಮಗ್ಗುಲಲ್ಲೇ. ಅಲ್ಲಿ ಬಾಬಾಸಾಹೇಬರ ಮಾತು ಕೇಳಲು ಕೂತಿದ್ದವರ ಚಿತ್ರ ಯಾವ ಮನೆಯ ಟ್ರಂಕಿನಲ್ಲಿದೆಯೋ ನೋಡಬೇಕಲ್ಲವೆ?

ಹುಡುಗನ ಪುಸ್ತಕದಲ್ಲಿ ನನಗೆ ತಕರಾರುಗಳಿವೆ. ಮೊದಲನೆಯದು ಅಚ್ಚಿನದು. ಕಪ್ಪು ಮುಖ ಝೆರಾಕ್ಸಿನಲ್ಲಿ ಇನ್ನೂ ಕಪ್ಪಾಗಿ ಮಸಿಯ ಮುದ್ದೆಯಾಗುತ್ತದೆ. ಇದು ಬರಿಯ ಯಂತ್ರದ ದೋಷವಲ್ಲ. ಕೊಡಾಕ್ ಕಂಪನಿ ಬಣ್ಣದ ಹದ ನೋಡುತ್ತಿದ್ದದ್ದೇ 'ಶರ್ಲಿ ಕಾರ್ಡ್' ಎಂಬ ಬಿಳಿ ಹೆಣ್ಣಿನ ಚಿತ್ರವಿಟ್ಟುಕೊಂಡು. ನಮ್ಮ ಸ್ಟುಡಿಯೋಗಳಲ್ಲಿ "ಸ್ವಲ್ಪ ಬೆಳ್ಳಗ ಮಾಡಿ ಕೊಡ್ರಿ" ಎನ್ನುವವರೂ ನಾವೇ. ಹಾಗೆ ಮುಖಕ್ಕೆ ಸುಣ್ಣ ಬಳಿಯಬೇಕಿಲ್ಲ. ಅಚ್ಚಿಗೆ ಮೊದಲು ನಡುವಿನ ಛಾಯೆಗಳನ್ನಷ್ಟೆ ತುಸು ಎತ್ತಿ, ಒಂದೇ ಪುಟದ ಪರೀಕ್ಷಾ ಪ್ರತಿ ತೆಗೆಸಿ ನೋಡಿದರೆ ಕಪ್ಪು ಕಪ್ಪಾಗಿಯೇ ಉಳಿದು ಕಣ್ಣು, ಮೂಗುತಿ, ಸುಕ್ಕು ಕಾಣುತ್ತವೆ. ಎರಡು ರೂಪಾಯಿಯ ಕೆಲಸ. ಅವನು ಮಾಡಿಸಿಲ್ಲ, ಏಳನೆಯ ಪುಟದಲ್ಲಿ ಆಯಿ ಕತ್ತಲಲ್ಲಿ ಕೂತುಬಿಟ್ಟಿದ್ದಾಳೆ.

ಎರಡನೆಯದು ಗಂಭೀರ. ಓಣಿಯ ಒಬ್ಬ ತಾಯಿ ಮೊದಲು ಒಪ್ಪಿ ಆಮೇಲೆ ತನ್ನ ಫೋಟೋ ಬೇಡವೆಂದಳು. ಕಾರಣ ಅವಳದು, ನಾನು ಬರೆಯುವುದಿಲ್ಲ. ಹುಡುಗ ಫೋಟೋ ತೆಗೆದ, ಆದರೆ ಜಾಗ ಖಾಲಿ ಬಿಟ್ಟು 'ಇಲ್ಲಿದ್ದ ಚಿತ್ರವನ್ನು ತೆಗೆಯಲಾಗಿದೆ' ಎಂದು ಅಚ್ಚು ಹಾಕಿಸಿದ. ನೋಡಿದ ಗೆಳೆಯರೆಲ್ಲ ಮೆಚ್ಚಿದರು. ನಾನು ಮೆಚ್ಚಲಿಲ್ಲ. ಅರವತ್ತು ಮನೆಯವರಿಗೂ ಆ ಖಾಲಿ ಪುಟ ಯಾರದೆಂದು ಗೊತ್ತು. ಬೇಡ ಅಂದವಳನ್ನು ಅದು ಮತ್ತೆ ಬೆರಳು ಮಾಡಿ ತೋರಿಸುತ್ತದೆ. ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು, ಒಂದು ತೆಗೆದರೆ ಲೆಕ್ಕ ತಪ್ಪುತ್ತದೆ ಎಂಬುದು ನಿಜ. ಆ ಜಾಗಕ್ಕೆ ಆಯಿಯ ಎಲಿಅಡಿಕಿ ಸಂಚಿ ಹಾಕಿದ್ದರೆ ಸಾಕಿತ್ತು.

ಹಂಚುವ ಪ್ರಶ್ನೆ ಉಳಿದಿದೆ. 2022ರಲ್ಲಿ ದೇವನೂರ ಮಹಾದೇವರ 'ಆರೆಸ್ಸೆಸ್ ಆಳ ಮತ್ತು ಅಗಲ'ವನ್ನು ಹಲವು ಪ್ರಕಾಶನಗಳು ಒಟ್ಟಿಗೆ ಅಚ್ಚು ಹಾಕಿ ಸಣ್ಣ ಬೆಲೆಗೆ ಊರೂರಿಗೆ ಮುಟ್ಟಿಸಿದವು. ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋದವರಿಗೆ ಪುಸ್ತಕದ ಅಂಗಡಿಗಳ ಸಾಲು ಗೊತ್ತು, ಹೊಟ್ಟೆ ಕಟ್ಟಿ ಪುಸ್ತಕ ಕೊಳ್ಳುವ ಜನ ಅವರು. ಫೋಟೋ ಪುಸ್ತಕ ಅಲ್ಲಿಗೆ ಹೋಗಬೇಕು ಎಂದು ನಾನು ಹುಡುಗನಿಗೆ ಹೇಳಿದೆ. ಐನೂರು ದಾಟಿದರೆ ಝೆರಾಕ್ಸ್ ಬಿಟ್ಟು ಆಫ್‌ಸೆಟ್ಟಿಗೆ ಹೋಗುವುದು ಲಾಭ ಎಂದೂ ಹೇಳಿದೆ. ಅವನು ತಲೆ ಕೆರೆದುಕೊಂಡ. ಆಯಿ ಒಪ್ಪಲಿಲ್ಲವಂತೆ. "ನನ್ನ ಮಾರಿ ಮಾರಬ್ಯಾಡೋ ತಮ್ಮಾ, ಬೇಕಂದವರಿಗೆ ಹಂಗ ಕೊಡು" ಅಂದಳಂತೆ. ಹಾಗೇ ಕೊಡುವುದಕ್ಕೂ ಪ್ರತಿಗೆ ಐವತ್ತು ರೂಪಾಯಿ ಬೇಕು. ಕಬ್ಬಿನ ಗ್ಯಾಂಗಿನ ಪಗಾರ ಬಂದ ಮೇಲೆ ನೋಡೋಣ ಅಂದಿದ್ದಾನೆ.