ಎರಡು ಮಿಲಿಆಂಪಿಯರಿನ ಕೀರ್ತಿ

ಒಂದು ಉಪಕರಣಕ್ಕೆ ಕೀರ್ತಿ ಬರುವುದಕ್ಕೂ ಅದರಿಂದ ರೋಗಿಗೆ ಗುಣ ಬರುವುದಕ್ಕೂ ನಡುವೆ ಎಷ್ಟು ದೂರವಿರಬಹುದೆಂಬುದನ್ನು ಅರಿಯಬೇಕೆನ್ನುವವರು, ತಲೆಬುರುಡೆಯನ್ನು ಭೇದಿಸದೆ ಹೊರಗಿನಿಂದಲೇ ಮಂದವಾದ ವಿದ್ಯುತ್ತನ್ನು ಹಾಯಿಸಿ, ಕ್ಷಯಿಸುತ್ತಿರುವ ಮಿದುಳಿನಲ್ಲಿ ಅಳಿದುಹೋಗುತ್ತಿರುವ ಮಾತನ್ನು ಹಿಡಿದು ನಿಲ್ಲಿಸಬಹುದೆಂಬ ಚಿಕಿತ್ಸಾಕ್ರಮದ ವೃತ್ತಾಂತವನ್ನು ಪರಿಶೀಲಿಸಬಹುದು. ಮೈಸೂರಿನ ನಮ್ಮ ಹೆಬ್ಬಾಳಕ್ಕೂ ಅದರ ಸುದ್ದಿ ಮುಟ್ಟಿದೆ. ಇಲ್ಲಿನ ಕೈಗಾರಿಕಾ ಬಡಾವಣೆಯಲ್ಲಿ ಪಾಳಿಯ ಮೇಲೆ ಪಾಳಿ ದುಡಿದು ನಿವೃತ್ತರಾದ ಹಿರಿಯರೂ, ಇನ್ಫೋಸಿಸ್ ಆವರಣದಲ್ಲಿ ದುಡಿಯುವ ಅವರ ಮಕ್ಕಳೂ, ಕೆರೆಯ ಬದಿಯ ಸಂಜೆಯ ನಡಿಗೆಯಲ್ಲಿ, ‘ತಲೆಗೆ ಕರೆಂಟ್ ಕೊಟ್ಟರೆ ಮಾತು ವಾಪಸು ಬರುತ್ತದಂತೆ’ ಎಂದು ಆಡಿಕೊಳ್ಳುತ್ತಾರೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂಬ ಜಾತಿಯ ಈ ಉತ್ಸಾಹಕ್ಕೆ ಜನರನ್ನು ದೂಷಿಸಲಾರೆ. ಕೀರ್ತಿಯನ್ನು ಹಬ್ಬಿಸಿದವರು ಬಲ್ಲವರೇ.

ರೋಗದ ವಿಷಯ ಓದುಗರಿಗೆ ತಿಳಿಯದುದಲ್ಲ. ನೆನಪು, ವ್ಯವಹಾರಜ್ಞಾನಗಳು ಬಹುಮಟ್ಟಿಗೆ ಸ್ವಸ್ಥವಾಗಿರುವಾಗಲೇ ಭಾಷೆಯೊಂದು ಮಾತ್ರ ಮೊದಲು ಸವೆಯತೊಡಗುವ ಸ್ಥಿತಿಯನ್ನು ಮಾರ್ಸೆಲ್ ಮೆಸುಲಮ್ 1982ರಲ್ಲಿ ಆರು ಮಂದಿ ರೋಗಿಗಳ ಆಧಾರದಿಂದ ವರ್ಣಿಸಿದರು. ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ ಎಂದು ಹೆಸರಾದ ಅದನ್ನು 2011ರಲ್ಲಿ ತಜ್ಞರು ಮೂರು ಪ್ರಭೇದಗಳಾಗಿ ವಿಂಗಡಿಸಿದರು: ವಾಕ್ಯದ ಕಟ್ಟು ಸಡಿಲಿ ಮಾತು ತಡವರಿಸುವುದು, ಪದ ನಾಲಗೆಗೆ ಬರದೆ ನಿಲ್ಲುವುದು, ಪದದ ಅರ್ಥವೇ ಅಳಿಯುವುದು. ನಮ್ಮ ಮನೆಗಳಲ್ಲಿ ಇವೆಲ್ಲಕ್ಕೂ ಅರವತ್ತಕ್ಕೆ ಅರಳುಮರಳು ಎಂಬ ಒಂದೇ ನಿದಾನ. ಈ ಬಡಾವಣೆಯಲ್ಲಿಯೇ ನಾನು ಬಲ್ಲ ಹಿರಿಯರೊಬ್ಬರು, ಜೀವಮಾನವಿಡೀ ಲೇತ್ ಯಂತ್ರದ ಮುಂದೆ ನಿಂತವರು, ವರ್ನಿಯರ್ ಕ್ಯಾಲಿಪರನ್ನು ಕೈಗೆ ಕೊಟ್ಟರೆ ಇಂದಿಗೂ ತಪ್ಪಿಲ್ಲದೆ ಅಳೆಯುತ್ತಾರೆ. ಆದರೆ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡರೆ ‘ಬಂದ’ ಎನ್ನುತ್ತಾರೆ, ಮೊಮ್ಮಗಳು ‘ಬಂದಳು ತಾತ’ ಎಂದು ತಿದ್ದಿದರೆ ತಲೆಯಾಡಿಸಿ, ಮತ್ತೆ ‘ಬಂದ’ ಎಂದೇ ಹೇಳಿ, ತಪ್ಪಾಯಿತೆಂಬುದು ತಿಳಿದು ಸುಮ್ಮನಾಗುತ್ತಾರೆ. ಕ್ರಿಯಾಪದದ ತುದಿಯಲ್ಲಿ ಲಿಂಗ, ವಚನ, ಪುರುಷಗಳನ್ನು ಹೊರುವ ಭಾಷೆಯೊಂದರಲ್ಲಿ ರೋಗ ಎಲ್ಲಿ ಕಚ್ಚುತ್ತದೆ ಎಂಬುದು ಇದರಲ್ಲಿದೆ.

ಇನ್ನು ಚಿಕಿತ್ಸೆ. ಉಪ್ಪುನೀರಿನಲ್ಲಿ ತೊಯ್ಯಿಸಿದ ಸ್ಪಂಜಿನೊಳಗೆ ರಬ್ಬರಿನ ವಿದ್ಯುದ್ವಾರವೊಂದನ್ನಿಟ್ಟು ಹಣೆಯ ಎಡಪಾರ್ಶ್ವದ ಮೇಲೂ, ಇನ್ನೊಂದನ್ನು ಬಲಗೆನ್ನೆಯ ಮೇಲೂ ಕಟ್ಟಿ, ಎರಡು ಮಿಲಿಆಂಪಿಯರಿನಷ್ಟು ಏಕಮುಖ ಪ್ರವಾಹವನ್ನು ಇಪ್ಪತ್ತು ನಿಮಿಷ ಹಾಯಿಸುವುದು. ಜನ ಭಯಪಡುವ ‘ಶಾಕ್ ಟ್ರೀಟ್‌ಮೆಂಟ್’ ಇದಲ್ಲ. ಅಲ್ಲಿ ನೂರಾರು ಮಿಲಿಆಂಪಿಯರಿನಿಂದ ಸೆಳವನ್ನೇ ಬರಿಸುತ್ತಾರೆ, ಇಲ್ಲಿ ಚರ್ಮ ಸ್ವಲ್ಪ ಚುರುಗುಟ್ಟುತ್ತದೆ, ಅಷ್ಟೆ. ಕಾಂತಸುರುಳಿಯಿಂದ ಪ್ರಚೋದಿಸುವ ಸೋದರ ಕ್ರಮವೊಂದು 1985ರಲ್ಲಿ ಶೆಫೀಲ್ಡಿನಲ್ಲಿ ಹುಟ್ಟಿತು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಖಿನ್ನತೆಯ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟರು. ಖಿನ್ನತೆಯಲ್ಲಿ ಒಂದು ಯಂತ್ರ ಸಂಪಾದಿಸಿದ ಮರ್ಯಾದೆಯನ್ನು ಅಫೇಸಿಯಾದಲ್ಲಿ ಇನ್ನೊಂದು ಯಂತ್ರ ಎರವಲು ತಂದುಕೊಂಡಿದೆಯೆಂಬುದನ್ನು ಇಲ್ಲಿಯೇ ಹೇಳಿ ಮುಂದುವರಿಯುತ್ತೇನೆ.

ಈ ಕೀರ್ತಿಯ ಆಧಾರಸ್ತಂಭ ಜಾನ್ಸ್ ಹಾಪ್ಕಿನ್ಸಿನಲ್ಲಿ ಕಿರಾನಾ ತ್ಸಪ್ಕಿನಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು: 2014ರಲ್ಲಿ ಆರು ರೋಗಿಗಳ ಮೇಲೆ, 2018ರಲ್ಲಿ ಮೂವತ್ತಾರು ರೋಗಿಗಳ ಮೇಲೆ. ಪ್ರತಿ ರೋಗಿಗೂ ಒಂದು ಅವಧಿಯಲ್ಲಿ ನಿಜವಾದ ವಿದ್ಯುತ್ತು, ಎರಡು ತಿಂಗಳ ಅಂತರದ ಅನಂತರ ಇನ್ನೊಂದು ಅವಧಿಯಲ್ಲಿ ಹುಸಿ ವಿದ್ಯುತ್ತು, ಅಥವಾ ಇದರ ವಿಪರ್ಯಯ; ಎರಡೂ ಅವಧಿಗಳಲ್ಲಿ, ವಿದ್ಯುತ್ತಿನ ಜೊತೆಗೇ, ಪದಗಳನ್ನು ಕಾಗುಣಿತ ತಪ್ಪದೆ ಬರೆಯುವ ಅಭ್ಯಾಸ. ಮೊದಲ ಪ್ರಯೋಗದಲ್ಲಿ ಅಭ್ಯಾಸ ಮಾಡಿಸಿದ ಪದಗಳು ಎರಡು ಸ್ಥಿತಿಗಳಲ್ಲಿಯೂ ಸುಧಾರಿಸಿದವು. ಅಭ್ಯಾಸ ಮಾಡಿಸದ ಪದಗಳಿಗೆ ಆ ಲಾಭ ಹರಡಿದುದು ನಿಜವಾದ ವಿದ್ಯುತ್ತಿನೊಂದಿಗೆ ಮಾತ್ರ. ಎರಡನೆಯದರಲ್ಲಿ ಆ ಹರಡುವಿಕೆ ಮೊದಲೆರಡು ಪ್ರಭೇದದವರಲ್ಲಿ ಕಾಣಿಸಿತು, ಅರ್ಥ ಅಳಿದವರಲ್ಲಿ ಕಾಣಿಸಲಿಲ್ಲ.

ಕೀರ್ತಿಯ ಸೌಧವೆಲ್ಲ ‘ಅಭ್ಯಾಸ ಮಾಡಿಸದ ಪದಗಳು’ ಎಂಬ ಈ ಮೂರು ಮಾತಿನ ಮೇಲೆ ನಿಂತಿರುವುದರಿಂದ, ಅಲ್ಲಿ ಅಳೆದುದು ಏನನ್ನು ಎಂಬುದನ್ನು ಬಿಡಿಸಿ ನೋಡಬೇಕು. ಅಳೆದುದು ಸಂಭಾಷಣೆಯನ್ನಲ್ಲ, ವಾಕ್ಯವನ್ನಲ್ಲ. ಬರೆದ ಪದದಲ್ಲಿ ಸರಿಯಾದ ಅಕ್ಷರಗಳೆಷ್ಟೆಂಬುದನ್ನು. ಇಂಗ್ಲಿಷಿನ ಕಾಗುಣಿತವಾದರೋ ಅರ್ಧ ನಿಯಮ, ಅರ್ಧ ಹಠ. ಒಂದೇ ಧ್ವನಿಗೆ ಹಲವು ಬರಹಗಳುಳ್ಳ ಆ ಭಾಷೆಯಲ್ಲಿ ಧ್ವನಿಯನ್ನು ಲಿಪಿಗಿಳಿಸುವ ನಿಯಮವನ್ನು ಮತ್ತೆ ಕಲಿಸಿದರೆ, ಕಲಿತ ನಿಯಮ ಕಲಿಸದ ಪದಕ್ಕೂ ಅನ್ವಯಿಸುವುದು ಸ್ವಾಭಾವಿಕವಷ್ಟೆ. ಅರ್ಥವೇ ಅಳಿದ ರೋಗಿಯಲ್ಲಿ ಈ ನಿಯಮ ಬಹುಮಟ್ಟಿಗೆ ಉಳಿದೇ ಇದ್ದು, ಅಳಿದಿರುವುದು ನಿಯಮಕ್ಕೆ ಒಗ್ಗದ ಪದಗಳ ಬರಹವಾದ್ದರಿಂದ ಅವನಲ್ಲಿ ಲಾಭ ಹರಡದಿದ್ದುದೂ ಅಷ್ಟೇ ಸ್ವಾಭಾವಿಕ. ಹಾಗಾದರೆ ವಿದ್ಯುತ್ತು ಮಾಡಿದುದೇನು? ಪಾಠ ಎಲ್ಲಿ ಹರಡಬಲ್ಲುದಾಗಿತ್ತೋ ಅಲ್ಲಿ ಅದನ್ನು ಹರಡಿಸಿತು. ಪಾಠಕ್ಕೆ ದಾರಿಯಿಲ್ಲದೆಡೆ ತಾನೂ ನಿಂತಿತು. ಕರ್ತೃವೆಂದು ಮೆರೆಸಿದ್ದು ಕರಣವಾಗಿಯಷ್ಟೇ ಉಳಿಯಿತು.

ಈಗ ಇದನ್ನು ಕನ್ನಡಕ್ಕೆ ತನ್ನಿ. ಕಿವಿಗೆ ಬಿದ್ದ ಅಕ್ಷರವೇ ಬಹುಪಾಲು ಕೈಯಿಂದ ಮೂಡುವ ಈ ಲಿಪಿಯಲ್ಲಿ ತಪ್ಪುವ ಸ್ಥಳಗಳೇ ಬೇರೆ: ದೀರ್ಘ, ಮಹಾಪ್ರಾಣ, ಒತ್ತಕ್ಷರ, ಅಕಾರ ಹಕಾರಗಳ ಪಲ್ಲಟ. ಇವುಗಳಲ್ಲಿ ಕೆಲವನ್ನು ಹಳೆಯ ಮೈಸೂರಿನ ನಿರೋಗಿಗಳೂ ಧಾರಾಳವಾಗಿ ತಪ್ಪುತ್ತಾರೆ! ಹಾಪ್ಕಿನ್ಸಿನ ಅಳತೆಗೋಲನ್ನು ಇಲ್ಲಿ ಹಾಗೆಯೇ ಊರಿದರೆ ರೋಗಿ ಬಹುಶಃ ಚೆನ್ನಾಗಿಯೇ ಬರೆದಾನು, ‘ಬಂದ’ ಮಾತ್ರ ‘ಬಂದಳು’ ಆಗದೆ ಉಳಿದೀತು. ಮತ್ತೊಂದು ಸಂದೇಹ: ದಿನದಿನಕ್ಕೆ ಕ್ಷಯಿಸುವ ರೋಗದಲ್ಲಿ, ಎರಡು ತಿಂಗಳ ಅನಂತರ ಎರಡನೆಯ ಅವಧಿಗೆ ಬರುವ ಮಿದುಳು ಮೊದಲಿನ ಮಿದುಳಲ್ಲ, ಮೊದಲ ಅವಧಿಯ ಲಾಭ ಎರಡು ತಿಂಗಳವರೆಗೂ ಉಳಿಯಿತೆಂದು ಅವರೇ ಹೇಳುವಾಗ, ಅದು ಎರಡನೆಯ ಅವಧಿಯೊಳಕ್ಕೆ ಸೋರಲಿಲ್ಲವೆಂದು ನಂಬುವುದು ಕಷ್ಟ. ಹುಸಿ ಚಿಕಿತ್ಸೆಯಲ್ಲಿ ಪ್ರವಾಹವನ್ನು ಏರಿಸಿ ಅರ್ಧ ನಿಮಿಷದೊಳಗೆ ಇಳಿಸಿಬಿಡುತ್ತಾರೆ. ಎರಡೂ ಬಗೆಯ ಅವಧಿಗಳಲ್ಲಿ ಹದಿನೈದು ಹದಿನೈದು ದಿನ ಅದೇ ಕುರ್ಚಿಯಲ್ಲಿ ಕೂತವನಿಗೆ ಎರಡರ ಚುರುಕಿನ ಭೇದ ತಿಳಿಯದಿರುವುದೇ?

ನ್ಯಾಯವಾಗಿ ಹೇಳಬೇಕಾದುದನ್ನೂ ಹೇಳುತ್ತೇನೆ. ಪ್ರಯೋಗಕರ್ತರು ಪ್ರಾಮಾಣಿಕರು, ಕ್ರಮ ಅಪಾಯರಹಿತ, ನಿರುಪಾಯವಾದ ರೋಗದಲ್ಲಿ ಅಲ್ಪಲಾಭವೂ ಲಾಭವೇ.

ಆದರೆ ಈ ಚಿಕಿತ್ಸೆಯನ್ನು ಹಳಿಯುವವರ ಪಂಗಡವೊಂದಿದೆ. ಅವರ ಜೊತೆಗೆ ನನ್ನನ್ನು ಎಣಿಸಬಾರದು. 2015ರಲ್ಲಿ ಹೋರ್ವಾತ್ ಮತ್ತಿಬ್ಬರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದೇ ಬಾರಿಯ ಪ್ರಚೋದನೆಯಿಂದ ಬುದ್ಧಿವ್ಯಾಪಾರದ ಮೇಲೆ ನಂಬತಕ್ಕ ಪರಿಣಾಮವೇನೂ ಇಲ್ಲವೆಂದು ಸಾರಿದರು. ಅಂದಿನಿಂದ ಈ ಪಂಗಡಕ್ಕೆ ಅದೇ ವೇದವಾಕ್ಯ. ಅವರು ಒಟ್ಟುಗೂಡಿಸಿದ್ದು ಆರೋಗ್ಯವಂತರಾದ ವಯಸ್ಕರನ್ನು! ಮಾತು ಕಳೆಯದವನಿಗೆ ಮಾತು ಮರಳಲಿಲ್ಲವೆಂಬುದು ಯಾವ ತರ್ಕ? ದಿನಂಪ್ರತಿ ಪಾಠದೊಡನೆ ಹದಿನೈದು ಸಲ ಕೊಟ್ಟುದನ್ನು ಪಾಠವಿಲ್ಲದೆ ಒಂದು ಸಲ ಕೊಟ್ಟುದರಿಂದ ಅಳೆಯುವವರು ವಿಮರ್ಶಕರಲ್ಲ, ಅವಸರದ ನ್ಯಾಯಾಧೀಶರು. 2018ರಲ್ಲಿ ಬುಜಾಕಿಯವರ ತಂಡ ಶವಗಳ ಮೇಲೆ ಅಳೆದು, ಪ್ರವಾಹದ ಸುಮಾರು ಮುಕ್ಕಾಲು ಪಾಲು ಚರ್ಮಮಾಂಸ ಅಸ್ಥಿಗಳಲ್ಲಿಯೇ ಕ್ಷೀಣಿಸುತ್ತದೆಂದು ತೋರಿಸಿದಾಗಲೂ ಇವರೇ ಚಪ್ಪಾಳೆ ತಟ್ಟಿದರು. ಆ ಅಳತೆ ಘನವಾದುದು, ಅದನ್ನು ಅಲ್ಲಗಳೆಯಲಾರೆ. ಆದರೆ ಪ್ರವಾಹ ಒಳಗೆ ಎಷ್ಟು ಹೋಯಿತೆಂಬುದು ಒಂದು ಪ್ರಶ್ನೆ, ರೋಗಿ ಏನನ್ನು ಪಡೆದನೆಂಬುದು ಬೇರೊಂದು. ಸ್ತುತಿಪಾಠಕರೂ ನಿಂದಕರೂ ವಿದ್ಯುತ್ತಿನ ವಿಷಯವಾಗಿಯೇ ಕಾದಾಡುತ್ತಾರೆ. ಅದರ ಕೆಳಗೆ ನಡೆಯುವ ಪಾಠದ ಕಡೆಗೆ ಯಾರ ದೃಷ್ಟಿಯೂ ಬೀಳದು.

ಆ ಪಾಠದ ವಿದ್ಯೆಯಾದರೋ ಹೆಬ್ಬಾಳದಿಂದ ಸಿಟಿಬಸ್ಸಿನ ದಾರಿಯಷ್ಟೇ ದೂರದಲ್ಲಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾದುದು. ಅಫೇಸಿಯಾವನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ಮೇಲೆ ದುಡಿದವರು ಅಲ್ಲಿಯವರು. ಪ್ರತಿಭಾ ಕಾರಂತರು 1981ರಷ್ಟು ಹಿಂದೆಯೇ ಕನ್ನಡ, ಇಂಗ್ಲಿಷ್ ಎರಡನ್ನೂ ಬಲ್ಲ ರೋಗಿಯೊಬ್ಬನ ವಾಚನನಷ್ಟವನ್ನು ವಿವರಿಸಿ, ಲಿಪಿಭೇದದ ಪ್ರಶ್ನೆಯನ್ನು ವಿದ್ವತ್ಪ್ರಪಂಚದ ಮುಂದಿಟ್ಟರು. ಒಂದು ಲಿಪಿಯಲ್ಲಿ ಪಡೆದ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಹೊರಿಸಬಾರದೆಂಬ ಎಚ್ಚರಕ್ಕೆ ಬೇಕಾದ ಸಾಮಗ್ರಿ ಹಾಪ್ಕಿನ್ಸಿನ ಪ್ರಯೋಗಕ್ಕೆ ಮೂರು ದಶಕ ಮೊದಲೇ ನಮ್ಮಲ್ಲಿತ್ತು. ಅದಕ್ಕೆ ಯಾವ ಪತ್ರಿಕೆಯೂ ತಲೆಬರಹ ಕೊಡಲಿಲ್ಲ. ಸ್ಪಂಜಿಗೆ ಸಿಕ್ಕ ಗೌರವ ವಿಭಕ್ತಿಪ್ರತ್ಯಯಕ್ಕೆ ಸಿಗಲಿಲ್ಲ.

ನನ್ನ ತೀರ್ಮಾನ ಇಷ್ಟು: ಭಾಷಾಭ್ಯಾಸವಿಲ್ಲದ ಮಂದವಿದ್ಯುತ್ತು ಈ ರೋಗಕ್ಕೆ ಚಿಕಿತ್ಸೆಯೆನ್ನಿಸಿಕೊಳ್ಳಲು ಅರ್ಹವಲ್ಲ. ತಲೆಗೆ ತೊಡುವ ಪಟ್ಟಿಯನ್ನು ಅಂತರಜಾಲದಲ್ಲಿ ತರಿಸಿಕೊಳ್ಳಬೇಕೆಂದಿರುವ ಮಕ್ಕಳು ಆ ಹಣವನ್ನು ಸದ್ಯಕ್ಕೆ ಕಟ್ಟಿಟ್ಟು, ತಂದೆಯನ್ನೋ ತಾಯಿಯನ್ನೋ ಮೊದಲು ವಾಕ್‌ಚಿಕಿತ್ಸಕರ ಬಳಿಗೆ ಕರೆದುಕೊಂಡು ಹೋಗಲಿ. ಇಲ್ಲಿ ಪ್ರಯೋಗ ನಡೆಸುವ ವಿದ್ವಾಂಸರಲ್ಲಿಯೂ ಒಂದು ಬೇಡಿಕೆ: ಇಂಗ್ಲಿಷಿನ ಪದಪಟ್ಟಿಯನ್ನು ಭಾಷಾಂತರಿಸಿ ಕೈತೊಳೆದುಕೊಳ್ಳಬೇಡಿ, ಕನ್ನಡದ ಕ್ರಿಯಾಪದವನ್ನು ಅಳೆಯಿರಿ.