ಈಗೇನು ಓದುತ್ತಿದ್ದೀರಿ?

ಮುಂಬಯಿಯ ನಮ್ಮ ಸಂಘದ ವಾಚನಾಲಯದಲ್ಲಿ ತಿಂಗಳಿಗೊಮ್ಮೆ, ಎರಡನೆಯ ಭಾನುವಾರದ ಸಂಜೆ, ಹತ್ತು ಹನ್ನೆರಡು ಮಂದಿ ಕಲೆಯುವ ವಾಡಿಕೆಯುಂಟು. ಅಲ್ಲಿ ಅಧ್ಯಕ್ಷರಿಲ್ಲ, ಉಪನ್ಯಾಸವಿಲ್ಲ, ವಂದನಾರ್ಪಣೆಯೂ ಇಲ್ಲ. ಸುತ್ತ ಕುಳಿತವರು ಒಬ್ಬರಾದ ಮೇಲೊಬ್ಬರು ತಾವು ಸದ್ಯಕ್ಕೆ ಓದುತ್ತಿರುವ ಪುಸ್ತಕ ಯಾವುದು, ಅದು ತಮಗೆ ಹಿಡಿಸಿತೇ ಇಲ್ಲವೇ ಎಂಬುದನ್ನು ಹೇಳುತ್ತಾರೆ. ಚಹಾ ಬರುತ್ತದೆ, ಕಡೆಯ ಸರದಿಯವರು ಗಾಡಿಯ ವೇಳೆಯನ್ನು ನೋಡಿಕೊಳ್ಳುತ್ತ ತಮ್ಮ ಮಾತನ್ನು ಮುಗಿಸುತ್ತಾರೆ. ಪಂಡಿತರ ದೃಷ್ಟಿಯಲ್ಲಿ ಇದು ಹರಟೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆರೇಳು ವರ್ಷ ಈ ಹರಟೆಯನ್ನು ಕೇಳುತ್ತ ಬಂದ ಮೇಲೆ, ವಿಮರ್ಶೆಯೆಂದು ನಾವು ಗೌರವದಿಂದ ಕರೆಯುವ ವಸ್ತುವಿನ ಮೂಲಧಾತು ಇಲ್ಲಿಯೇ ಇದೆಯೆಂದೂ, ಅದನ್ನು ನಾವು ಒರೆಗೆ ಹಚ್ಚಿ ನೋಡಿಲ್ಲವೆಂದೂ ತೋರಹತ್ತಿದೆ.

‘ಈಗೇನು ಓದುತ್ತಿದ್ದೀರಿ?’ ಎಂಬ ಪ್ರಶ್ನೆಯೇ ನಮ್ಮಲ್ಲಿ ಬಹಳ ಹಳೆಯದಲ್ಲ. ಊರ ಜಗಲಿಯ ಮೇಲೋ ಗುಡಿಯ ಪೌಳಿಯಲ್ಲೋ ಗಮಕಿಯೊಬ್ಬನು ಕುಮಾರವ್ಯಾಸನ ಭಾರತವನ್ನೊ ಲಕ್ಷ್ಮೀಶನ ಜೈಮಿನಿಯನ್ನೊ ವಾಚಿಸಿ, ಇನ್ನೊಬ್ಬನು ಅರ್ಥ ಹೇಳುತ್ತಿದ್ದ ಕಾಲದಲ್ಲಿ ಯಾರು ಏನನ್ನು ಓದುತ್ತಿದ್ದಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಇಡಿಯ ಊರೇ ಒಂದೇ ಗ್ರಂಥದ ಒಂದೇ ಸಂಧಿಯಲ್ಲಿರುತ್ತಿತ್ತು. ಓದು ಮೌನವಾಗಿ, ಒಂಟಿಯಾಗಿ, ಮನೆಯ ಮೂಲೆಗೆ ಸೇರಿದ ಮೇಲೆ ಈ ಪ್ರಶ್ನೆ ಹುಟ್ಟಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ಮಾರಿ ಹುಟ್ಟಿಸಿದ ಓದುಗನು ಗಮಕದ ಶ್ರೋತೃವಿಗಿಂತ ಬೇರೆಯವನು. ಅವನಿಗೆ ತಾನು ಓದಿದ್ದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತು ಒಂದು ಕೈಯಲ್ಲಿ ಕನ್ನಡ ಪುಸ್ತಕ ಹಿಡಿದವನ ಏಕಾಂತವಂತೂ ಇನ್ನೂ ದೊಡ್ಡದು. ಅವನ ಹೆಗಲಿಗೆ ಹೆಗಲು ತಾಗಿಸಿ ನಿಂತ ನೂರು ಜನರಲ್ಲಿ ಆ ಲಿಪಿಯನ್ನು ಬಲ್ಲವನೊಬ್ಬನೂ ಇರಲಾರನು.

ಗಮಕದ ಕಾಲದ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಜನ ಮಾತನಾಡುತ್ತಿದ್ದುದು ಇಡಿಯ ಭಾರತದ ವಿಷಯವನ್ನಲ್ಲ, ಹಿಂದಿನ ರಾತ್ರಿ ಕೇಳಿದ ಭಾಗವನ್ನು. ‘ಪೂರ್ತಿ ಓದದೆ ಅಭಿಪ್ರಾಯ ಹೇಳುವುದು ಅಪಕ್ವ’ ಎಂದು ನಮ್ಮ ಕೂಟವನ್ನು ಆಕ್ಷೇಪಿಸುವವರಿಗೆ ನನ್ನ ಉತ್ತರ ಇದೇ. ಮುಗಿಸಿದ ಮೇಲಿನ ತೀರ್ಪಿನಲ್ಲಿ ಓದುಗನು ತನ್ನ ನಡುದಾರಿಯ ಸಂಶಯ, ನಿರೀಕ್ಷೆ, ಬೇಸರಗಳನ್ನೆಲ್ಲ ಅಳಿಸಿ ಹಾಕಿರುತ್ತಾನೆ. ಓದುತ್ತಿರುವವನ ಬಾಯಲ್ಲಿ ಅವು ಇನ್ನೂ ಹಸಿಯಾಗಿರುತ್ತವೆ.

ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯದು ಕಾರಯಿತ್ರೀ ಪ್ರತಿಭೆ, ಓದುಗನದು ಭಾವಯಿತ್ರೀ ಪ್ರತಿಭೆ ಎಂದು ವಿಭಾಗಿಸಿ, ಭಾವಕರಲ್ಲಿ ನಾಲ್ಕು ಬಗೆಯವರನ್ನು ಹೇಳಿದ್ದಾನೆ. ಏನೂ ರುಚಿಸದ ಅರೋಚಕಿ, ಹುಲ್ಲುಸಹಿತವಾಗಿ ಉಣ್ಣುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ತತ್ತ್ವವನ್ನೇ ಹಿಡಿಯುವ ತತ್ತ್ವಾಭಿನಿವೇಶಿ. ಸಾವಿರ ವರ್ಷಗಳ ಹಿಂದಿನ ಈ ವರ್ಗೀಕರಣ ನಮ್ಮ ಭಾನುವಾರದ ಕುರ್ಚಿಗಳಿಗೂ ಹೊಂದುತ್ತದೆ. ನಮ್ಮ ಅರೋಚಕಿಯು ಸ್ವತಃ ಎರಡು ಸಂಕಲನಗಳ ಕವಿ. ಕಾರಂತರಾದ ಮೇಲೆ ಓದತಕ್ಕದ್ದು ಏನೂ ಬಂದಿಲ್ಲವೆಂಬುದು ಅವರ ಸ್ಥಿರವಾದ ಮತ. ಮತ್ಸರಿಯ ವಿಷಯವನ್ನು ಬಿಡೋಣ, ಆತನೂ ಈ ಪತ್ರಿಕೆಯನ್ನು ಓದುತ್ತಾನೆ.

ರಾಜಶೇಖರನಲ್ಲಿ ನನಗೆ ಭಿನ್ನಾಭಿಪ್ರಾಯವಿರುವುದು ಎರಡನೆಯವನ ವಿಷಯದಲ್ಲಿ. ಹುಲ್ಲನ್ನೂ ಕಾಳನ್ನೂ ಬೇರ್ಪಡಿಸದೆ ಉಣ್ಣುವವನೆಂಬ ಆ ಹೆಸರಿನಲ್ಲಿಯೇ ತಿರಸ್ಕಾರವಿದೆ. ಕನ್ನಡದ ಓದನ್ನು ಬದುಕಿಸಿದವನು ಮಾತ್ರ ಇವನೇ. ನಮ್ಮ ಕೂಟಕ್ಕೆ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಬಾಲ್ಯದಲ್ಲಿ ಉಡುಪಿಯ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಈ ನಗರದ ಕನ್ನಡ ರಾತ್ರಿಶಾಲೆಯೊಂದರಲ್ಲಿ ಅಕ್ಷರ ಕಲಿತವರು. ಅವರು ಓದದ ಪುಸ್ತಕವಿಲ್ಲ. ಆರಿಸಿ ಓದಿದ ಪುಸ್ತಕವೂ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಮೊದಲಾಗಿ ಅನಕೃ, ತ್ರಿವೇಣಿ, ಎಂ. ಕೆ. ಇಂದಿರಾ, ತೇಜಸ್ವಿ, ಭೈರಪ್ಪ ಎಲ್ಲರೂ ಅವರ ತಟ್ಟೆಯಲ್ಲಿ ಒಂದೇ ಸಾಲಿನಲ್ಲಿ ಬಡಿಸಲ್ಪಟ್ಟಿದ್ದಾರೆ. ಹೋದ ಮಳೆಗಾಲದಲ್ಲಿ ಅವರು ‘ಶರಪಂಜರ’ವನ್ನು ಎಷ್ಟನೆಯ ಸಲವೋ ಓದುತ್ತಿದ್ದರು. ಅದರ ವಿಷಯ ಹೇಳಿರೆಂದಾಗ ಅವರು ಕಥೆಯನ್ನು ಹೇಳಲಿಲ್ಲ. “ಗುಣವಾಗಿ ಮನೆಗೆ ಬಂದವಳನ್ನು ಮನೆಯವರೇ ಹುಚ್ಚಿ ಅಂತ ನೋಡ್ತಾರಲ್ಲ, ಅಲ್ಲಿಗೆ ಬಂದ ಮೇಲೆ ಎರಡು ದಿನ ಮುಂದೆ ಓದ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೇ,” ಎಂದರು, ಅಷ್ಟೇ. ತ್ರಿವೇಣಿಯವರು 1963ರಲ್ಲಿ, ಮೂವತ್ತನಾಲ್ಕರ ಹರೆಯದಲ್ಲಿ ತೀರಿಕೊಂಡರು. ಅವರ ಕಾದಂಬರಿಗಳನ್ನು ಮನೋವೈಜ್ಞಾನಿಕವೆಂಬ ಒಂದೇ ವಿಶೇಷಣದಲ್ಲಿ ಕಟ್ಟಿಡುವುದು ವಿಮರ್ಶೆಯ ರೂಢಿ. ಕಾವೇರಿಯ ರೋಗ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ, ಮನೆಯ ಕಣ್ಣಿನಲ್ಲಿ ವಾಸಿಯಾಗುವುದಿಲ್ಲ. ಆದುದರಿಂದ ಕಾದಂಬರಿಯ ವಸ್ತು ಅವಳ ಮನಸ್ಸಲ್ಲ, ಅವಳ ಸುತ್ತಲಿನವರ ಮನಸ್ಸು. ಈ ಸತ್ಯ ನನಗೆ ಹೊಳೆದುದು ಆ ಎರಡು ದಿನ ಮುಚ್ಚಿಟ್ಟ ಪುಸ್ತಕದಿಂದ. ಹುಲ್ಲುಣ್ಣುವವನೇ ಒಮ್ಮೊಮ್ಮೆ ತತ್ತ್ವಾಭಿನಿವೇಶಿಯೂ ಆಗುವನೆಂಬುದನ್ನು ರಾಜಶೇಖರನು ಗಮನಿಸಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ಸಂಜೆಯನ್ನೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ, ಅನುವಾದಕಿ ದೀಪಾ ಭಾಸ್ತಿಯವರೊಡನೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಈ ಪ್ರಶಸ್ತಿ ಬಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದುದೂ ಅದೇ ಮೊದಲು. ಮುಂದಿನ ಕೂಟದಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿ ತಾವು ಅದನ್ನೇ ಓದುತ್ತಿರುವುದಾಗಿ ಹೇಳಿದರು. ‘ಬಹಳ ಶಕ್ತಿಯುತ’, ‘ಮನ ಕಲಕುತ್ತದೆ’, ‘ಕನ್ನಡದ ಹಿರಿಮೆ’. ಯಾವ ಕಥೆಯನ್ನು ಓದುತ್ತಿದ್ದೀರೆಂದು ಕೇಳಿದಾಗ ನಾಲ್ಕು ಮಂದಿ ಚಹಾದ ಕಡೆಗೆ ತಿರುಗಿದರು. ನಾನು ಅವರನ್ನು ಹಳಿಯುತ್ತಿಲ್ಲ. ಹೆಮ್ಮೆಯೂ ಒಂದು ಭಾವವೇ. ಆದರೆ ಅದನ್ನು ಪಡೆಯಲು ಪುಸ್ತಕವನ್ನು ತೆರೆಯಬೇಕಾಗಿಲ್ಲ. ಉಳಿದ ಇಬ್ಬರಲ್ಲಿ ಒಬ್ಬ ಗೃಹಿಣಿ ಮಾತ್ರ ‘ಕರಿ ನಾಗರಗಳು’ ಕಥೆಯನ್ನೆತ್ತಿದರು. ಗಂಡನಿಂದ ದೂರವಾದ ಅಶ್ರಫಳಿಗೆ ಮಸೀದಿಯ ಮುತವಲ್ಲಿ ನ್ಯಾಯ ದೊರಕಿಸದೆ ಹೋದ ಮೇಲೆ, ಕೇರಿಯ ಹೆಂಗಸರ ಬಾಯಿಂದ ಅವನ ಮೇಲೆ ಬೀಳುವ ಶಾಪಗಳನ್ನು ಆಕೆ ತನ್ನ ಊರಿನ ಅಜ್ಜಿಯರ ಬೈಗುಳಗಳೊಡನೆ ಹೋಲಿಸಿ ತೋರಿಸಿದರು. ಅರ್ಜಿಯನ್ನು ಕೇಳುವವರಿಲ್ಲದ ಕಡೆ ಶಾಪವೇ ಅರ್ಜಿಯಾಗುತ್ತದೆ ಎಂದು ಆಕೆಯೇನೂ ಸೂತ್ರ ಕಟ್ಟಲಿಲ್ಲ. ಆ ಸೂತ್ರ ನನ್ನದು, ಅದರ ಆಧಾರ ಆಕೆಯದು. ಕೂಟ ಮುಗಿದಾಗ ಇಬ್ಬರು ಆ ಕಥೆ ಕನ್ನಡದಲ್ಲಿ ಎಲ್ಲಿ ಸಿಗುವುದೆಂದು ಆಕೆಯನ್ನು ವಿಚಾರಿಸಿಕೊಂಡು ಹೋದರು. ‘ಶಕ್ತಿಯುತ’ ಎಂದವರನ್ನು ಯಾರೂ ಏನನ್ನೂ ವಿಚಾರಿಸಲಿಲ್ಲ.

ಅನುವಾದದ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಮ್ಮ ಸದಸ್ಯೆಯೊಬ್ಬರ ಮೊಮ್ಮಗಳು ಕಾಲೇಜಿಗೆ ಹೋಗುವವಳು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಈ ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಬಹುಪಾಲಿನ ಸ್ಥಿತಿ ಇದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಅವಳು ಶ್ರೀನಾಥ್ ಪೆರೂರ್ ಅವರ ಇಂಗ್ಲಿಷಿನಲ್ಲಿ ಓದಿದಳು. ಇಂಗ್ಲಿಷ್ ಪುಸ್ತಕದ ಮುಖಪುಟದ ಮೇಲೆ ಕನ್ನಡದ ಹೆಸರು ಹಾಗೆಯೇ ಉಳಿದುದನ್ನು ಕಂಡು ಅದರ ಅರ್ಥವನ್ನು ಅಜ್ಜಿಯಲ್ಲಿ ಕೇಳಿದಳಂತೆ. ಅಜ್ಜಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅದು ನಿಘಂಟಿನ ಮಾತಲ್ಲ. ಕಥೆಯೊಳಗಿನ ಒಂದು ಮನೆಯ ಮಕ್ಕಳು ಸಿಕ್ಕುಬಿದ್ದ ವಸ್ತುವಿಗೆ ಹುಟ್ಟಿಸಿಕೊಂಡ, ಆ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ ಮಾತು. ಇದನ್ನು ವಿವರಿಸಿ ಆ ಹುಡುಗಿ, “ನಮ್ಮ ಮನೆಯ ಕನ್ನಡವೂ ಹಾಗೇ ಅಲ್ವಾ ಅಜ್ಜಿ? ನಮ್ಮ ನಾಲ್ಕು ಜನಕ್ಕೆ ಮಾತ್ರ ತಿಳಿಯೋದು,” ಎಂದಳು. ಮರಾಠಿ, ಹಿಂದಿಗಳು ಬೆರೆತ ನಮ್ಮ ಮನೆಮಾತನ್ನು ಕುರಿತು ಹೊರನಾಡಿನ ನಾವು ಎಷ್ಟೋ ಗೋಷ್ಠಿಗಳನ್ನು ನಡೆಸಿದ್ದೇವೆ. ಈ ಮಾತು ಅಲ್ಲಿ ಬಂದುದನ್ನು ನಾನು ಕೇಳಿಲ್ಲ. ಹಣ ಬಂದು ಕೆಟ್ಟ ಕುಟುಂಬದ ಕಥೆಯೆಂದು ಎಲ್ಲರೂ ಓದುವ ಆ ಕಿರುಕಾದಂಬರಿಯನ್ನು, ಒಂದು ಮನೆ ತನ್ನದೇ ಭಾಷೆಯೊಳಗೆ ಬಾಗಿಲು ಹಾಕಿಕೊಳ್ಳುವ ಕಥೆಯೆಂದೂ ಓದಬಹುದು. ಕನ್ನಡ ಓದಲಾರದವಳು ಅದನ್ನು ಕನ್ನಡದ ವಿಮರ್ಶೆಗೆ ಕೊಟ್ಟಳು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ನಮ್ಮ ಊರಿನದೇ ಗ್ರಂಥ. ಹನೇಹಳ್ಳಿಯಿಂದ ಬಂದ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದು ಬಾಳಿದ್ದು ಇಲ್ಲಿ. ಅದರ ನಾಗಪ್ಪನನ್ನು ಅಸ್ತಿತ್ವವಾದದ ಹಿನ್ನೆಲೆಯಲ್ಲಿಟ್ಟು ನಾನೂ ಒಂದು ಪ್ರಬಂಧ ಬರೆದಿದ್ದೆ. ನಿವೃತ್ತರಾದ ಒಬ್ಬರು ಅದನ್ನು ಓದುತ್ತಿದ್ದಾಗ ಹೇಳಿದುದು ಬೇರೆ. ಅವರನ್ನು ಹಿಂದೊಮ್ಮೆ, ಆಪಾದನೆ ಇಂಥದೆಂದು ಸ್ಪಷ್ಟವಾಗಿ ತಿಳಿಸದೆ, ಕಂಪನಿಯವರು ಕೆಲವು ತಿಂಗಳು ಮನೆಯಲ್ಲಿ ಕೂರಿಸಿದ್ದರಂತೆ. “ಆಗ ನಾನು ಎದುರಿಗೆ ಬಂದವರ ಮುಖವನ್ನೆಲ್ಲ ಓದುತ್ತಿದ್ದೆ. ಲಿಫ್ಟಿನವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಈ ನಾಗಪ್ಪನೂ ಅದನ್ನೇ ಮಾಡುತ್ತಾನೆ. ಅವನು ಒಂದು ಮುಖವನ್ನಾದರೂ ಸರಿಯಾಗಿ ಓದಿದನೇ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ನೂರೈವತ್ತು ಪುಟ ಬಾಕಿ ಇದೆ.” ನನ್ನ ಪ್ರಬಂಧದಲ್ಲಿ ಉದ್ಧರಣಗಳು ಬಹಳವಿದ್ದವು, ಈ ಪ್ರಶ್ನೆಯಿರಲಿಲ್ಲ. ಬೇಟೆಗೆ ಸಿಕ್ಕಿದವನು ಇಡಿಯ ಜಗತ್ತನ್ನು ಒಂದು ಪಠ್ಯದಂತೆ ಓದತೊಡಗುತ್ತಾನೆ, ಆ ಓದು ತಪ್ಪೋ ಸರಿಯೋ ಎಂಬುದೇ ಕಾದಂಬರಿಯ ಬಿಗಿ. ಪುಸ್ತಕ ಮುಗಿಸಿದ ಮೇಲೆ ಕೇಳಿದ್ದರೆ ಅವರೂ ಬಹುಶಃ ‘ಒಳ್ಳೆಯ ಕಾದಂಬರಿ’ ಎಂದು ಬಿಡುತ್ತಿದ್ದರು.

ಇಷ್ಟು ಹೇಳಿದ ಮೇಲೆ ನನ್ನದೊಂದು ಅಪರಾಧವನ್ನು ಮುಚ್ಚಿಡುವುದು ಸರಿಯಲ್ಲ. ನಾಲ್ಕು ವರ್ಷಗಳ ಕೆಳಗೆ ಒಂದು ಭಾನುವಾರ ನನ್ನ ಸರದಿ ಬಂದಾಗ, ಆಗಷ್ಟೇ ಪ್ರಕಟವಾಗಿ ವಿದ್ವಾಂಸರ ಮನ್ನಣೆ ಪಡೆದಿದ್ದ ಒಂದು ದಪ್ಪ ಗ್ರಂಥದ ಹೆಸರು ಹೇಳಿ, ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದುದು ಎಂದೆ. ಗ್ರಂಥದ ದೋಷವೇನೂ ಇಲ್ಲವಾದುದರಿಂದ ಅದರ ಹೆಸರು ಇಲ್ಲಿ ಬೇಡ. ನಾನು ಅದರ ಅರುವತ್ತು ಪುಟ ಓದಿ ಬಿಟ್ಟಿದ್ದೆ. ಆ ವಾರ ಗಾಡಿಯಲ್ಲಿ ನಾನು ನಿಜವಾಗಿ, ನಿಲ್ದಾಣ ಮರೆಯುವಷ್ಟು ಮೆಚ್ಚಿ ಓದುತ್ತಿದ್ದುದು ಪತ್ತೇದಾರ ಪುರುಷೋತ್ತಮನನ್ನು, ರಟ್ಟಿಗೆ ವರ್ತಮಾನಪತ್ರಿಕೆಯ ಹೊದಿಕೆ ಹಾಕಿ. ಕಲಬುರಗಿಯ ಕಡೆಯಿಂದ ಕೆಲಸಕ್ಕೆಂದು ಬಂದು ಡೊಂಬಿವಲಿಯಲ್ಲಿ ಇದ್ದ ಒಬ್ಬ ಯುವಕ ಅಂದು ಎರಡನೆಯ ಬಾರಿ ನಮ್ಮ ಕೂಟಕ್ಕೆ ಬಂದಿದ್ದ. ಪುಸ್ತಕದ ಹೆಸರನ್ನು ಅಂಗೈಯ ಮೇಲೆ ಬರೆದುಕೊಂಡ. ಆರುನೂರು ರೂಪಾಯಿ ತೆತ್ತು ತರಿಸಿದನೆಂದು ಅನಂತರ ತಿಳಿಯಿತು. ಮೂರನೆಯ ತಿಂಗಳು ಅದನ್ನು ವಾಚನಾಲಯಕ್ಕೆ ಕೊಟ್ಟು, “ನನಗ ತಿಳೀಲಿಲ್ರಿ ಸರ, ನನ್ನ ಓದು ಭಾಳ ಕಮ್ಮಿ ಅದ,” ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ.

ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನು ನಿಲ್ಲುವವನ ಸ್ಥಿತಿಗತಿಯನ್ನು ನಾವು ಪರೀಕ್ಷಿಸದೆ ಬಿಡುವುದಿಲ್ಲ. ಪುಸ್ತಕಕ್ಕೆ ಜಾಮೀನು ನಿಂತವನ ಆಸ್ತಿಯೆಂದರೆ ಅವನು ಓದಿದ ಪುಟಗಳು, ಅವುಗಳಲ್ಲಿ ಪಟ್ಟ ಸುಖ. ನನ್ನಲ್ಲಿ ಅಂದು ಅರುವತ್ತು ಪುಟಗಳಿದ್ದವು, ಸುಖವಂತೂ ಇರಲೇ ಇಲ್ಲ. ಪುರುಷೋತ್ತಮನ ಹೆಸರನ್ನು ಹೇಳುವ ಧೈರ್ಯ ನನಗಿದ್ದಿದ್ದರೆ ಆ ಯುವಕ ನಾಲ್ಕನೆಯ ಬಾರಿಗೂ ಬರುತ್ತಿದ್ದನೋ ಏನೋ. ಆಮೇಲೆ ತೇಜಸ್ವಿಯವರ ‘ಕರ್ವಾಲೊ’, ಅದಾದ ಮೇಲೆ ಇನ್ನೊಂದು, ಹಾಗೆಯೇ ಆ ದಪ್ಪ ಗ್ರಂಥಕ್ಕೂ ಅವನು ಮುಟ್ಟಬಹುದಾಗಿತ್ತು.

ಈ ಯುಗಾದಿಯ ಸುಮಾರಿಗೆ ಆ ಪ್ರತಿಯನ್ನೇ ವಾಚನಾಲಯದಿಂದ ಎರವಲು ತಂದು ಮತ್ತೆ ಓದಲು ಹಿಡಿದಿದ್ದೇನೆ. ಸದ್ಯಕ್ಕೆ 130ನೆಯ ಪುಟದಲ್ಲಿದ್ದೇನೆ. ಮೊದಲ ಅಧ್ಯಾಯಗಳು ಈಗಲೂ ಒಣಗಿದಂತೆಯೇ ತೋರುತ್ತವೆ. ನೂರು ಪುಟ ದಾಟಿದ ಮೇಲೆ ಗದ್ಯಕ್ಕೆ ಸ್ವಲ್ಪ ಉಸಿರು ಬಂದಿದೆ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಗೆರೆಗಳಿವೆ, ಕಠಿಣ ಪದಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಅರ್ಥಗಳಿವೆ. ಈ ಪ್ರತಿಯನ್ನು ಅವನಲ್ಲದೆ ಬೇರೆ ಯಾರೂ ಒಯ್ದಿಲ್ಲವೆಂದು ವಾಚನಾಲಯದ ದಾಖಲೆ ಹೇಳುತ್ತದೆ. ಪುಟ ಮಗುಚಿ ನೋಡಿದೆ. ಗೆರೆಗಳು 214ನೆಯ ಪುಟದವರೆಗೆ ಇವೆ.